ದುಭಾಷಿಯ ಮಗಳು

ಚಾಲನ್ ಕನೋವಾ, ಸೈಪಾನ್
9 ಮಾರ್ಚ್ 1995

ಚೈ,

ಲಕೋಟೆಯ ಮೇಲೆ ಸೈಪಾನಿನ ಮುದ್ರೆ ಕಂಡ ಕೂಡಲೇ ಇದನ್ನು ನೀನು ಒಲೆಗೆ ಹಾಕಬಹುದು. ಹಾಕದೆ ಇಲ್ಲಿಯವರೆಗೆ ಓದಿದ್ದರೆ, ನಾನು ಹೊಸೆಫಾ. ರೊಸಾರಿಯೋ ಎಂಬ ನಿನ್ನನ್ನು ‘ಚೈ’ ಎನ್ನುತ್ತಿದ್ದವಳು, ನೀನು ‘ಎಪ’ ಎಂದು ಕರೆಯುತ್ತಿದ್ದವಳು. ಆಸಾನಿನಲ್ಲಿ ನಿಮ್ಮ ಪಕ್ಕದ ಮನೆಯಲ್ಲಿ ಎರಡು ವರ್ಷಕ್ಕೂ ಮಿಕ್ಕಿ ಇದ್ದೆ. ದುಭಾಷಿ ಗ್ರೆಗೋರಿಯೋನ ಮಗಳು ಎಂದರೆ ನಿಮ್ಮ ಊರಿನ ಹಿರಿಯರಿಗೆ ಈಗಲೂ ಬೇಗ ಗುರುತು ಸಿಗುತ್ತದಂತೆ.

ನಿನ್ನ ವಿಳಾಸ ಕೊಟ್ಟವಳು ನನ್ನ ಮೈದುನನ ಮಗಳು. ಅವಳು ಗುವಾಮಿನಲ್ಲಿ ದಾದಿ. ಕ್ರಿಸ್ಮಸ್ಸಿಗೆ ಬಂದಾಗ ಒಂದು ಕಾಗದ ತಂದಿದ್ದಳು. ಆಸಾನಿನ ಯುದ್ಧಸ್ಮಾರಕ ಪಾರ್ಕಿನಲ್ಲಿ, ಗುಡ್ಡದ ಮೇಲೆ, ಆ ಕಾಲದಲ್ಲಿ ಸತ್ತ ಮತ್ತು ನೊಂದ ನಿಮ್ಮ ಜನರ ಹೆಸರುಗಳನ್ನೆಲ್ಲ ಗೋಡೆಯಲ್ಲಿ ಕೂರಿಸಿದ್ದಾರೆ ಎಂದಳು. ಕಾಗದದಲ್ಲಿ ಸತ್ತವರ ಪಟ್ಟಿಯಿತ್ತು. ನಾನು ಹುಡುಕಲಿಲ್ಲ ಎಂದರೆ ಸುಳ್ಳಾಗುತ್ತದೆ. ಬೆರಳಿಟ್ಟು ಹುಡುಕಿದೆ. ಬಿಸೆಂಟೆಯ ಹೆಸರು ಎರಡನೆಯ ಪುಟದಲ್ಲಿತ್ತು. ನಿನ್ನ ಅಣ್ಣನ ಹೆಸರನ್ನು ನಾನು ಅಚ್ಚಿನಲ್ಲಿ ನೋಡಿದ್ದು ಅದೇ ಮೊದಲು. ಅವನಿದ್ದಾಗ ಯಾರೂ ಅವನ ಹೆಸರನ್ನು ಪೂರ್ತಿ ಕರೆದದ್ದು ನನಗೆ ನೆನಪಿಲ್ಲ.

ನನಗೀಗ ಅರವತ್ತನಾಲ್ಕು. ನಿನಗೂ ಅಷ್ಟೇ ಅಲ್ಲವೇ? ನನ್ನ ಗಂಡ ತೀರಿಕೊಂಡು ಆರು ವರ್ಷವಾಯಿತು. ಮಕ್ಕಳಿಲ್ಲ. ವಿಮಾನದಲ್ಲಿ ಒಂದು ಗಂಟೆಯ ದಾರಿ. ಐವತ್ತು ವರ್ಷದಿಂದ ನಾನು ಆ ಕಡೆಗೆ ಮುಖ ಮಾಡಿಲ್ಲ. ಭಾಷೆ ಒಂದು, ಜಪಮಾಲೆ ಒಂದು, ಅಜ್ಜಂದಿರ ಅಜ್ಜಂದಿರು ಒಂದೇ ದೋಣಿಯಲ್ಲಿ ಬಂದವರು. ನಮ್ಮ ದ್ವೀಪ ಜಪಾನಿನ ಕೈಗೆ ಸಿಕ್ಕಿತು, ನಿಮ್ಮದು ಅಮೆರಿಕದ ಕೈಗೆ. ಆಮೇಲೆ ಅವರಿಬ್ಬರಿಗೂ ಯುದ್ಧವಾಯಿತು. ಜಪಾನಿನವರು ನಿಮ್ಮ ದ್ವೀಪವನ್ನು ಹಿಡಿದಾಗ ಎರಡೂ ಭಾಷೆ ಬಲ್ಲವನೆಂದು ನನ್ನ ಅಪ್ಪನನ್ನು ಕರೆದುಕೊಂಡು ಹೋದರು. ಅಡುಗೆಗೆಂದು ಅಪ್ಪ ನನ್ನನ್ನು ಕರೆದುಕೊಂಡು ಬಂದ. ಹೀಗೆ ನಾನು ನಿಮ್ಮ ಬೇಲಿಯ ಆಚೆ ಬಂದು ನಿಂತೆ.

ಒಮ್ಮೆ ಆ ಗೋಡೆಯ ಮುಂದೆ ನಿಲ್ಲಬೇಕು ಅನಿಸಿದೆ. ನಿನ್ನನ್ನು ಕೇಳದೆ ಬರಲಾರೆ. ಬೇಡ ಎಂದರೆ ಬರುವುದಿಲ್ಲ.

ಹೊಸೆಫಾ

---

ಆಸಾನ್, ಗುವಾಮ್
24 ಏಪ್ರಿಲ್ 1995

ಹೊಸೆಫಾ,

ಪಾರ್ಕು ನನ್ನದಲ್ಲ, ಸರಕಾರದ್ದು. ಬೆಳಗ್ಗೆ ತೆರೆಯುತ್ತಾರೆ, ಸಂಜೆ ಮುಚ್ಚುತ್ತಾರೆ. ಜಪಾನಿನಿಂದ ಹೊಸದಾಗಿ ಮದುವೆಯಾದವರು ಬಂದು ಫಿರಂಗಿಗೆ ಒರಗಿ ಚಿತ್ರ ತೆಗೆಸಿಕೊಳ್ಳುತ್ತಾರೆ. ಅವರು ಯಾರನ್ನೂ ಕೇಳಿ ಬರುವುದಿಲ್ಲ. ನೀನೇಕೆ ಕೇಳುತ್ತೀಯ?

ಇಷ್ಟೇ ಬರೆದು ಕಳಿಸಬೇಕೆಂದು ಕುಳಿತೆ. ಒಂದು ತಿಂಗಳಿಂದ ಇಷ್ಟೇ ಬರೆಯಬೇಕೆಂದುಕೊಂಡಿದ್ದೆ.

ನಮ್ಮ ಮನೆಯಿದ್ದ ಜಾಗದಲ್ಲಿ ಈಗ ಹುಲ್ಲಿದೆ. ಕಡಲಂಚಿನ ಆ ಇಡೀ ಸಾಲು ಯುದ್ಧ ಮುಗಿದ ಮೇಲೆ ನೌಕಾಪಡೆಗೆ ಹೋಯಿತು, ಆಮೇಲೆ ಪಾರ್ಕಿಗೆ. ನಮಗೆ ರಸ್ತೆಯ ಈಚೆಗೆ ಜಾಗ ಕೊಟ್ಟರು. ನಾನು ಶಾಲೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ದುಡಿದೆ. ಪ್ರತಿದಿನ ಬೆಳಗ್ಗೆ ಆ ಹುಲ್ಲನ್ನು ದಾಟಿಕೊಂಡೇ ಹೋಗುತ್ತಿದ್ದೆ. ಜನ ಅಲ್ಲಿ ಓಡುತ್ತಾರೆ, ಭಾನುವಾರ ಮಾಂಸ ಸುಡುತ್ತಾರೆ. ನನ್ನ ತಮ್ಮ ಕೀಕೊ ಅಲ್ಲಿ ತನ್ನ ಮೊಮ್ಮಕ್ಕಳ ಹುಟ್ಟುಹಬ್ಬ ಮಾಡಿದ. ನಾನು ಹೋಗಲಿಲ್ಲ. ನಮ್ಮ ಅಡುಗೆಮನೆ ಇದ್ದ ಜಾಗದಲ್ಲಿ ಕೇಕು ತಿನ್ನುವುದು ನನ್ನಿಂದಾಗಲಿಲ್ಲ.

ನೀನು ಬಿಸೆಂಟೆಯ ಹೆಸರನ್ನು ಬರೆದಿದ್ದೀಯ. ಹಾಗಿದ್ದರೆ ನಾನೂ ಬರೆಯುತ್ತೇನೆ. ಅಣ್ಣ ಜಪಾನಿನವರಿಗೆ ವಿಮಾನ ಇಳಿಯುವ ನೆಲ ಅಗೆಯುವ ಬಿಟ್ಟಿ ಕೆಲಸದಿಂದ ತಪ್ಪಿಸಿಕೊಂಡು ಗುಹೆಯಲ್ಲಿದ್ದದ್ದು ಅಪ್ಪನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ನಮ್ಮ ಮನೆಯ ಹೊರಗೆ ನಾನು ಅದನ್ನು ಒಬ್ಬಳಿಗೇ ಹೇಳಿದ್ದೆ. ಬಾವಿಯ ಹತ್ತಿರ, ನಿನ್ನ ಕಿವಿಗೆ ಬಾಯಿಟ್ಟು ಹೇಳಿದ್ದೆ. ಹದಿನೈದು ದಿನದಲ್ಲಿ ಅವರು ಬಂದರು.

ಈ ಊರಿನಲ್ಲಿ ಎಲ್ಲರಿಗೂ ಇದು ಗೊತ್ತು. ಇಷ್ಟು ಗೊತ್ತಿದ್ದೂ ಬರುವುದಾದರೆ ಬಾ.

ರೊಸಾರಿಯೋ ನೆಡೆಡೊಗ್

---

ಚಾಲನ್ ಕನೋವಾ
3 ಮೇ 1995

ಚೈ,

ಹೌದು. ನಾನೇ ಹೇಳಿದೆ.

ಅಪ್ಪ ಊಟಕ್ಕೆ ಕುಳಿತಿದ್ದ. ಬಿಸೆಂಟೆ ಎಲ್ಲಿ ಹೋದ, ಹುಡುಕುತ್ತಿದ್ದಾರೆ ಎಂದು ತನ್ನಷ್ಟಕ್ಕೆ ಅಂದ. ನಾನು ಯೋಚಿಸದೆ ಹೇಳಿಬಿಟ್ಟೆ. ಮಗುವಾಗಿದ್ದೆ ಎಂದು ಹೇಳುವುದಿಲ್ಲ. ಹದಿಮೂರು ವರ್ಷದವಳಿಗೆ ಗೊತ್ತಾಗುತ್ತದೆ.

ನೀನು ಐವತ್ತು ವರ್ಷ ನನ್ನ ಮೇಲೆ ಇಟ್ಟುಕೊಂಡ ಸಿಟ್ಟು ಸರಿಯಾದದ್ದೇ. ಅದನ್ನು ಬೇರೆ ಯಾರಿಗೂ ಹಂಚಬೇಡ, ಪೂರ್ತಿ ನನಗೇ ಇರಲಿ. ನಾನು ಬರುವುದಿಲ್ಲ. ಗೋಡೆಯ ಹತ್ತಿರ ಹೋದಾಗ ಅವನಿಗೆ ನನ್ನ ಕಡೆಯಿಂದ ಒಂದು ಪ್ರಾರ್ಥನೆ ಹೇಳು. ಹೇಳಲು ಮನಸ್ಸಿಲ್ಲದಿದ್ದರೆ ಅದೂ ಸರಿ.

ಹೊಸೆಫಾ

---

ಆಸಾನ್
23 ಜುಲೈ 1995

ಎಪ,

ನಿನ್ನ ಕಾಗದ ಬಂದು ಎರಡು ತಿಂಗಳ ಮೇಲಾಯಿತು. ದಿನಕ್ಕೊಮ್ಮೆ ತೆಗೆದು ಓದಿದೆ. ಮೊನ್ನೆ ಶುಕ್ರವಾರ ನಮ್ಮಲ್ಲಿ ಬಿಡುಗಡೆಯ ದಿನದ ಮೆರವಣಿಗೆ. ಕೀಕೊ ಬಂದು ಕರೆದ. ತಲೆನೋವು ಎಂದು ಹೇಳಿ ಮನೆಯಲ್ಲೇ ಉಳಿದೆ. ಬ್ಯಾಂಡಿನ ಸದ್ದು ಇಲ್ಲಿಗೆ ಕೇಳಿಸುವುದಿಲ್ಲ. ಆದರೂ ದಿನವಿಡೀ ಕಿಟಕಿ ಮುಚ್ಚಿಕೊಂಡು ಕುಳಿತಿದ್ದೆ.

ನೀನು ಬರೆದದ್ದು ಸುಳ್ಳು. ಅದಕ್ಕೂ ಮೊದಲು ನಾನು ಬರೆದದ್ದು ಸುಳ್ಳು. ಬರೆಯುವಾಗಲೇ ನನಗೆ ಗೊತ್ತಿತ್ತು, ಆದರೂ ಕೈ ಬರೆಯಿತು. ನೀನು ಇಲ್ಲ ಎನ್ನುತ್ತೀಯ, ಜಗಳವಾಡುತ್ತೀಯ, ಆಗ ನಾನು ಇನ್ನೊಂದು ಐವತ್ತು ವರ್ಷ ಹೀಗೇ ಇರಬಹುದು ಎಂದುಕೊಂಡಿದ್ದೆ. ನೀನು ಹೌದು ಎಂದುಬಿಟ್ಟೆ.

ಎಪ, ಆ ದಿನ ನಾನು ಮನೆಯ ನೆಲದ ಕೆಳಗಿದ್ದೆ.

ನಮ್ಮ ಮನೆ ಕಂಬಗಳ ಮೇಲಿತ್ತಲ್ಲ. ಅವರು ದಾರಿಯಲ್ಲಿ ಬರುವುದನ್ನು ಕಂಡು ಅಪ್ಪ ನನ್ನನ್ನು ಸೌದೆಯ ಹಿಂದೆ ತಳ್ಳಿದ. ಪುಟ್ಟ ಕೀಕೊ ಅಜ್ಜಿಯ ಮನೆಯಲ್ಲಿದ್ದ. ಅಮ್ಮ ನಿನಗೆ ಗೊತ್ತು, ಯುದ್ಧಕ್ಕೆ ಮೊದಲೇ ತೀರಿಕೊಂಡಿದ್ದಳು. ನನಗೆ ಕಾಲುಗಳು ಮಾತ್ರ ಕಾಣುತ್ತಿದ್ದವು. ಮೂರು ಜೊತೆ ಬೂಟು, ನಿನ್ನ ಅಪ್ಪನ ಬಟ್ಟೆಯ ಬೂಟು, ನನ್ನ ಅಪ್ಪನ ಬರಿಗಾಲು. ಅಪ್ಪನನ್ನು ಕಂಬಕ್ಕೆ ಕಟ್ಟಿ ಹೊಡೆದರು. ಅಪ್ಪ ಬಾಯಿ ಬಿಡಲಿಲ್ಲ. ಎಷ್ಟು ಹೊತ್ತೋ. ಅವನ ಹಿಮ್ಮಡಿ ನೆಲದಿಂದ ಮೇಲೇಳುತ್ತಿತ್ತು, ಮತ್ತೆ ಊರುತ್ತಿತ್ತು. ಆಮೇಲೆ ಅಧಿಕಾರಿ ಬೇರೆ ದನಿಯಲ್ಲಿ, ಮೆತ್ತಗೆ, ಏನೋ ಕೇಳಿದ. ನಿನ್ನ ಅಪ್ಪ ಅದನ್ನು ನಮ್ಮ ಭಾಷೆಯಲ್ಲಿ ಹೇಳಿದ.

“ಇಗ್ನಾಸಿಯೋ, ಹುಡುಗನ ವಿಷಯ ಬಿಟ್ರು. ಮಗಳು ಎಲ್ಲಿ ಅಂತ ಕೇಳ್ತಿದಾರೆ. ನಿಂಗೆ ಅರ್ಥ ಆಯ್ತಲ್ಲ?”

ಆಗ ನನ್ನ ಅಪ್ಪ ಹೇಳಿದ. “ಹೊಳೆ ಮೇಲಿನ ಗುಹೇಲಿದಾನೆ. ಜೋಡಿ ದೀವಿಹಲಸಿನ ಮರ ಇದೆಯಲ್ಲ, ಅದರ ಹಿಂದೆ.”

ನನ್ನ ಅಪ್ಪ. ಅವನ ದನಿಯಲ್ಲಿ. ನನ್ನನ್ನು ಉಳಿಸಲು ಮಗನನ್ನು ಕೊಟ್ಟ.

ಅದಾದ ಮೇಲೆ ನಿನ್ನ ಅಪ್ಪ ಮಾತಾಡಲಿಲ್ಲ. ಒಂದು ಕೋಳಿ ಬಂದು ನನ್ನ ಮುಖದ ಮುಂದೆ ಕೆದಕಿ, ಏನೂ ಸಿಗದೆ ಹೊರಟುಹೋಯಿತು. ಆಗಲೂ ಅವನು ಸುಮ್ಮನೇ ನಿಂತಿದ್ದ. ಅಧಿಕಾರಿ ಗದರಿದ. ಆಮೇಲೆ ಅವನು ಜಪಾನಿ ಭಾಷೆಯಲ್ಲಿ ಹೇಳಿದ.

ಮರುದಿನ ಅಪ್ಪ ಗುಹೆಗೆ ಹೋಗಿ ಅಣ್ಣನನ್ನು ಅಲ್ಲೇ ಮಣ್ಣು ಮಾಡಿ ಬಂದ. ನನ್ನನ್ನು ಕರೆದುಕೊಂಡು ಹೋಗಲಿಲ್ಲ. ವಾರದೊಳಗೆ ಊರಿನವರನ್ನೆಲ್ಲ ಮನೆಂಗೋನ್ ಕಣಿವೆಯ ಶಿಬಿರಕ್ಕೆ ನಡೆಸಿದರು. ಅಲ್ಲಿ ಮಳೆಯಲ್ಲಿ ತೆಂಗಿನ ಗರಿಯ ಕೆಳಗೆ ಕೂತಿದ್ದಾಗ ಯಾರೋ ಅಪ್ಪನನ್ನು ಕೇಳಿದರು, ಹುಡುಗ ಹೇಗೆ ಸಿಕ್ಕಿಬಿದ್ದ ಎಂದು. ನಾನು ಹೇಳಿದೆ, “ಎಪ ಹೇಳಿದ್ದು. ದುಭಾಷಿ ಮಗಳು.” ಅಪ್ಪ ನನ್ನನ್ನು ನೋಡಿದ. ಆಮೇಲೆ ತಲೆ ತಗ್ಗಿಸಿದ.

ಅಷ್ಟೇ. ಅವನು ಎಪ್ಪತ್ತೊಂದನೆಯ ಇಸವಿಯವರೆಗೆ ಬದುಕಿದ್ದ. ಆ ಸುಳ್ಳನ್ನು ನಾವಿಬ್ಬರೂ ಒಂದೇ ಮನೆಯಲ್ಲಿಟ್ಟುಕೊಂಡು ಸಾಕಿದೆವು. ಒಂದು ದಿನವೂ ಅದರ ಬಗ್ಗೆ ಮಾತಾಡಲಿಲ್ಲ. ನಾನು ಮದುವೆಯಾಗಲಿಲ್ಲ. ಕೇಳಿದವರಿಗೆ ಅಪ್ಪನನ್ನು ನೋಡಿಕೊಳ್ಳಬೇಕು ಎನ್ನುತ್ತಿದ್ದೆ.

ನೀನು ಯಾಕೆ ಒಪ್ಪಿಕೊಂಡೆ? ನಿನಗೆ ಏನು ಗೊತ್ತು? ಮತ್ತೆ, ಅಷ್ಟು ಹೊತ್ತು ನಿನ್ನ ಅಪ್ಪ ಯಾಕೆ ಸುಮ್ಮನಿದ್ದ?

ಚೈ

---

ಚಾಲನ್ ಕನೋವಾ
6 ಆಗಸ್ಟ್ 1995

ಚೈ,

ನನಗೆ ಎಲ್ಲ ಗೊತ್ತಿತ್ತು. ನೀನು ನೆಲದ ಕೆಳಗಿದ್ದದ್ದೂ ಗೊತ್ತಿತ್ತು. ನೀನು ಕೇಳಿಸಿಕೊಂಡಿದ್ದೆ ಎಂಬುದೊಂದು ಗೊತ್ತಿರಲಿಲ್ಲ. ಏಟಿಗೆ, ಭಯಕ್ಕೆ ಕಿವಿ ಮುಚ್ಚಿಕೊಂಡಿರುತ್ತೀಯ ಎಂದುಕೊಂಡಿದ್ದೆ.

ದುಭಾಷಿಯಾಗಿದ್ದಕ್ಕೆ ಅಮೆರಿಕದವರು ಹಾಕಿದ ಸೆರೆಮನೆಯಿಂದ ಅಪ್ಪ ಹಿಂದಿರುಗಿದ ಮೇಲೆ ಹತ್ತೊಂಬತ್ತು ವರ್ಷ ನನ್ನ ಜೊತೆ ಇದ್ದ. ಮೀನು ಹಿಡಿಯುತ್ತಿದ್ದ, ಬಲೆ ಹೆಣೆಯುತ್ತಿದ್ದ. ಜಪಾನಿ ಭಾಷೆಯ ಒಂದು ಮಾತು ಅವನ ಬಾಯಿಂದ ಬರಲಿಲ್ಲ. ಅರವತ್ತೆಂಟನೆಯ ಇಸವಿಯಲ್ಲಿ, ಹಾಸಿಗೆ ಹಿಡಿದಿದ್ದಾಗ, ಒಂದು ಮಧ್ಯಾಹ್ನ ಹೇಳಿದ. ಪಾದ್ರಿಗೆ ಹೇಳಿದ್ದನ್ನೇ ನನಗೂ ಹೇಳಬೇಕು ಎಂದ.

ಆ ಹೊತ್ತಿನಲ್ಲಿ ಅವನು ಇನ್ನೊಂದು ಗುಹೆಯ ಹೆಸರು ಹುಡುಕುತ್ತಿದ್ದನಂತೆ. ಹಿಂದೆ ಒಮ್ಮೆ ಇನ್ನೊಬ್ಬರ ಮನೆಯಲ್ಲಿ ಹಾಗೆ ತಿರುಚಿ ಹೇಳಿ ದಾಟಿಸಿದ್ದ. ಈ ಸಲ ಆಗಲಿಲ್ಲ. “ಸುಳ್ಳು ಜಾಗ ಹೇಳಿದ್ರೆ ಬರಿಗೈಲಿ ವಾಪಸ್ ಬರ್ತಿದ್ರು,” ಎಂದ. “ಸೌದೆ ಹಿಂದೆ ಆ ಹುಡುಗಿ ಲಂಗದ ಅಂಚು ಕಾಣ್ತಿತ್ತು. ನಂಗೆ ಕಂಡಿದ್ದು ಅವರಿಗೂ ಕಾಣ್ತಿತ್ತು. ಅದಾದ್ಮೇಲೆ ನಮ್ಮನೆಗೆ ಬರ್ತಿದ್ರು. ನೀನಿದ್ದೆ.”

ಇದನ್ನು ಓದಿ ಅವನನ್ನು ಒಳ್ಳೆಯವನೆಂದುಕೊಳ್ಳಬೇಡ. ಬೇರೆ ಮನೆಗಳಲ್ಲಿ ಅವನು ಕೈಯೆತ್ತಿ ಹೊಡೆದಿದ್ದಾನೆ. ಅಧಿಕಾರಿ ಹೇಳದ ಬೈಗುಳವನ್ನೂ ಸೇರಿಸಿ ಬೈದಿದ್ದಾನೆ. ಅದನ್ನೂ ಹೇಳಿದ. ಯಾಕೆ ಎಂದು ಕೇಳಿದೆ. ಅಧಿಕಾರ ಸಿಕ್ಕಿತ್ತು ಎಂದ. ಅಷ್ಟೇ ಹೇಳಿ ಗೋಡೆಯ ಕಡೆಗೆ ತಿರುಗಿಕೊಂಡ.

ನಾನು ಯಾಕೆ ಒಪ್ಪಿಕೊಂಡೆ ಎಂದು ಕೇಳಿದ್ದೀಯ. ನಿನ್ನ ಏಪ್ರಿಲ್‌ ಕಾಗದ ಓದಿದಾಗ ನಿನಗೆ ನಿಜವಾಗಿಯೂ ಗೊತ್ತಿಲ್ಲ ಅನಿಸಿತು. ಗೊತ್ತಿಲ್ಲದಿದ್ದರೆ ಗೊತ್ತಾಗುವುದು ಬೇಡ ಅನಿಸಿತು. ನಿನ್ನ ಅಪ್ಪನ ಸಮಾಧಿಗೆ ನೀನು ಹೂವಿಡುತ್ತೀಯ. ನನ್ನ ಅಪ್ಪನ ಹೆಸರು ಹೇಗೂ ಹೋಗಿದೆ, ಅವನ ಮಗಳದು ಇನ್ನೆಷ್ಟು ಹೋದೀತು?

ಈಗ ಬರಲೇ? ನವೆಂಬರ್ ಎರಡಕ್ಕೆ, ಸತ್ತವರ ದಿನಕ್ಕೆ.

ಎಪ

---

ಚಾಲನ್ ಕನೋವಾ
7 ನವೆಂಬರ್ 1995

ಪ್ರೀತಿಯ ಚೈ,

ಸುಖವಾಗಿ ತಲುಪಿದೆ. ವಿಮಾನದಲ್ಲಿ ಕಿಟಕಿಯ ಪಕ್ಕದ ಜಾಗ ಸಿಕ್ಕಿತ್ತು. ನೀನು ಕಟ್ಟಿಕೊಟ್ಟ ಕೆಂಪನ್ನವನ್ನೂ ನಿಂಬೆ-ಮೆಣಸಿನ ಗೊಜ್ಜನ್ನೂ ಮರುದಿನ ಊಟ ಮಾಡಿದೆ. ಗೊಜ್ಜು ಚುರುಕಾಗಿತ್ತು. ಇಲ್ಲಿ ಎರಡು ದಿನದಿಂದ ಗಾಳಿ ಜೋರು.

ನೀನು ನನ್ನನ್ನು ಎಲ್ಲ ಕಡೆ ಕರೆದುಕೊಂಡು ಹೋದೆ. ಪಾರ್ಕಿನ ಹುಲ್ಲು ತುಂಬ ಚೆನ್ನಾಗಿ ಇಟ್ಟಿದ್ದಾರೆ. ನಿನಗೆ ತೊಂದರೆಯಾಯಿತು. ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುವುದು ಮರೆಯಬೇಡ.

ಎಪ

---

ಆಸಾನ್
29 ನವೆಂಬರ್ 1995

ಎಪ,

ಹುಲ್ಲಿನ ಬಗ್ಗೆ ಬರೆದಿದ್ದೀಯ, ಗೊಜ್ಜಿನ ಬಗ್ಗೆ ಬರೆದಿದ್ದೀಯ. ಆದದ್ದನ್ನು ಬರೆದಿಲ್ಲ. ನಾನೇ ಬರೆಯುತ್ತೇನೆ. ನೀನು ಅಲ್ಲೇ ಇದ್ದೆ, ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ. ಆದರೂ ಅದು ನನ್ನ ಬಾಯಿಂದ ಬರಬೇಕು.

ಸ್ಮಶಾನದ ಪೂಜೆ ಮುಗಿಸಿ ನಾವು ಗುಡ್ಡ ಹತ್ತಿದೆವು. ನಿನ್ನ ಬೆರಳು ಗೋಡೆಯ ಮೇಲೆ ಹೆಸರಿಂದ ಹೆಸರಿಗೆ ಹೋಗಿ ಬಿಸೆಂಟೆಯ ಮೇಲೆ ನಿಂತಿತು. ನೀನು ಅಳಲಿಲ್ಲ. ಲೋಹ ಬಿಸಿಯಾಗಿದೆ ಎಂದೆ. ನಾನು ಕೆಳಗೆ ತೋರಿಸಿದೆ: ಆ ಮೂರನೇ ತೆಂಗಿನ ಮರದ ಈಚೆ ನಮ್ಮ ಮನೆ, ಕಸದ ತೊಟ್ಟಿಯಿರುವಲ್ಲಿ ನಿಮ್ಮದು. ನೀನು ನಕ್ಕೆ. ಕಸದ ತೊಟ್ಟಿ ನಮ್ಮನೆ ಕಡೆಗೇ ಇಡಬೇಕಿತ್ತಾ ಎಂದೆ. ಅದು ನಮ್ಮಿಬ್ಬರ ಹಳೆಯ ನಗು. ನನಗೆ ಆ ಕ್ಷಣ ಹದಿಮೂರು ವರ್ಷ.

ಆಗಲೇ ತಾನ್ ಬಿಬಿಯಾನಾ ಕೋಲೂರಿಕೊಂಡು ಬಂದದ್ದು. ಊರಿನವರೆಲ್ಲ ‘ತಾನ್’ ಎನ್ನುವ ಹಿರಿಯಳು, ಎಂಬತ್ತಾರು ವರ್ಷ. ಅವಳ ಗಂಡನ ಹೆಸರೂ ಆ ಗೋಡೆಯಲ್ಲೇ ಇದೆ. ಯಾರಿವಳು ಎಂದು ಕೇಳಿದಳು. ಇವಳು ಪಕ್ಕದ ರೋಟಾ ದ್ವೀಪದವಳು, ನನ್ನ ಸ್ನೇಹಿತೆ ಎಂದು ನಾನು ಹೇಳಿದೆ. ಸೈಪಾನ್ ಎಂಬ ಮಾತು ನನ್ನ ನಾಲಿಗೆಯ ಮೇಲೆ ಬರಲಿಲ್ಲ. ಅದು ಮೊದಲನೆಯ ತಪ್ಪು. ನೀನು ಬಗ್ಗಿ ಅವಳಿಗೆ ವಂದಿಸಿ ಎರಡು ಮಾತಾಡಿದೆ. ಅಷ್ಟು ಸಾಕಾಯಿತು.

“ರೋಟಾದವರು ಹೀಗೆ ಎಳೆದು ಮಾತಾಡಲ್ಲ,” ಎಂದಳು. ನಿನ್ನ ಮುಖವನ್ನೇ ನೋಡಿದಳು. “ಈ ಹುಬ್ಬು ನಂಗೆ ಗೊತ್ತು. ಗ್ರೆಗೋರಿಯೋಂದು.”

ನೀನು ಹೌದು ತಾನ್, ಮಗಳು ಎಂದೆ.

“ಜಪಾನಿನವರು ಬೈದಿದ್ದು ನಮಗೆ ತಿಳೀತಿರ್ಲಿಲ್ಲ. ನಾಯಿ ಬೊಗಳಿದ ಹಾಗೆ ಇರ್ತಿತ್ತು. ನಿನ್ನಪ್ಪ ಅದನ್ನ ನಮ್ಮಮ್ಮ ಜೋಗುಳ ಹಾಡಿದ ಭಾಷೇಲಿ ಹೇಳ್ತಿದ್ದ.” ಆಮೇಲೆ ಕೋಲಿನಿಂದ ಬಿಸೆಂಟೆಯ ಹೆಸರಿನ ಕಡೆ ತೋರಿಸಿದಳು. “ಈ ಹುಡುಗನ್ನ ತೋರಿಸಿಕೊಟ್ಟಿದ್ದು ನೀನೇ ಅಲ್ವಾ?”

ನಾನು ನಿನ್ನ ಪಕ್ಕದಲ್ಲಿದ್ದೆ. ಒಂದು ಮಾತು ಸಾಕಿತ್ತು. ಇಲ್ಲ ತಾನ್, ಅವಳಲ್ಲ ಎಂದರೆ ಮುಗಿಯುತ್ತಿತ್ತು. ನನ್ನ ಅಪ್ಪನ ಹೆಸರು, ನೊಂದವರ ಸಾಲಿನಲ್ಲಿ, ಅಲ್ಲೇ ಮೊಣಕೈ ದೂರದಲ್ಲಿತ್ತು. ನಾನು ಅದನ್ನು ನೋಡಿದೆ, ಸುಮ್ಮನಾದೆ. ನೀನು ನನಗಾಗಿ ಕಾದೆ. ಕಾದದ್ದು ನನಗೆ ಗೊತ್ತಾಯಿತು. ಆಮೇಲೆ ನೀನೇ ಹೇಳಿದೆ.

“ಹೌದು ತಾನ್. ನಾನೇ.”

ಹಿರಿಯರಿಗೆ ನಾವು ನಮಸ್ಕರಿಸುವ ಹಾಗೆ ನೀನು ಅವಳ ಕೈಯನ್ನು ಮೂಗಿಗೊತ್ತಿಕೊಳ್ಳಲು ಬಗ್ಗಿದೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಕಾರಿನಲ್ಲಿ ಇಳಿಯುವಾಗ ನೀನು ನನ್ನ ಮೊಣಕಾಲು ಹೇಗಿದೆ ಎಂದು ಕೇಳಿದೆ. ಬೈಯಲಿಲ್ಲ. ವಿಮಾನ ನಿಲ್ದಾಣದಲ್ಲಿ ನಾನು ಊಟದ ಕಟ್ಟು ಕೊಟ್ಟೆ, ನೀನು ತೆಗೆದುಕೊಂಡೆ.

ಹತ್ತು ದಿನ ನಾನು ಇಗರ್ಜಿಗೆ ಹೋಗಲಿಲ್ಲ. ಹನ್ನೊಂದನೆಯ ದಿನ ತಾನ್ ಬಿಬಿಯಾನಾಳ ಮನೆಗೆ ಹೋದೆ. ಅಂಗಳದಲ್ಲಿ ಚಾಪೆ ಹೆಣೆಯುವ ಕೇದಗೆ ಎಲೆಯ ಮುಳ್ಳು ತೆಗೆಯುತ್ತ ಕೂತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ನೆಲದ ಕೆಳಗಿದ್ದದ್ದು, ಅಪ್ಪ ಹೇಳಿದ ಮಾತು, ಮನೆಂಗೋನಿನಲ್ಲಿ ನಾನು ಕಟ್ಟಿದ ಸುಳ್ಳು. ಅವಳು ಎಲೆ ಕೆಳಗಿಡಲಿಲ್ಲ. ನಾನು ಮುಗಿಸಿದ ಮೇಲೂ ಎರಡು ಎಲೆ ಸೀಳಿದಳು.

ಆಮೇಲೆ ಹೇಳಿದಳು. “ನನ್ನ ಗಂಡನ್ನೂ ಹಾಗೇ ಕಟ್ಟಿದ್ರು. ತಪ್ಪಿಸಿಕೊಂಡವರನ್ನ ಬಚ್ಚಿಟ್ಟವರು ಯಾರು ಅಂತ ಕೇಳಿದ್ರು. ಅವನು ಹೇಳಲಿಲ್ಲ. ಕೊನೇವರೆಗೂ ಹೇಳಲಿಲ್ಲ. ಪಾದ್ರಿ ಪ್ರತಿವರ್ಷ ಅದನ್ನ ಹೊಗಳ್ತಾನೆ. ನಂಗೆ ಐದು ಮಕ್ಕಳು, ರೊಸಾರಿಯೋ. ಕೊನೇದು ಶಿಬಿರದಲ್ಲಿ ಹೋಯ್ತು, ನನ್ನ ಎದೇಲಿ ಹಾಲಿರ್ಲಿಲ್ಲ. ಹೇಳಿಬಿಡಬಾರದಿತ್ತಾ ಅಂತ ನಾನು ಅವನ ಮೇಲೆ ಈಗ್ಲೂ ಸಿಟ್ಟು ಮಾಡ್ಕೊತೀನಿ. ದಿನಾ. ಯಾರಿಗೂ ಹೇಳಿಲ್ಲ.”

ನಾವಿಬ್ಬರೂ ಬಹಳ ಹೊತ್ತು ಎಲೆ ಸೀಳಿದೆವು. ಹೊರಡುವಾಗ ಅವಳು ಅಂದಳು, “ಆ ಹುಡುಗಿಗೆ ತಪ್ಪಾಯ್ತು ಅಂತ ಬರಿ. ಅವಳಪ್ಪನ್ನ ಮಾತ್ರ ಕ್ಷಮಿಸು ಅಂತ ನನ್ನ ಕೇಳಬೇಡಿ.” ಅರವತ್ತನಾಲ್ಕರ ನೀನು ಅವಳಿಗಿನ್ನೂ ಹುಡುಗಿ.

ಕೀಕೊಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಸತ್ತ ಅಪ್ಪನ ಮೇಲೆ ಹೊರಿಸೋಕೆ ನಿಂಗೆ ಮನಸ್ಸಾದರೂ ಹೇಗೆ ಬಂತು ಎಂದ. ಆ ಸೈಪಾನಿನವಳು ಬಂದು ನಿನ್ನ ತಲೆ ಕೆಡಿಸಿದಳು ಎಂದ. ಆ ದಿನದಿಂದ ಅವನು ಈ ಕಡೆ ಬಂದಿಲ್ಲ. ಫೋನು ಎತ್ತುವುದಿಲ್ಲ. ಕಳೆದ ಭಾನುವಾರ ಇಗರ್ಜಿಯಲ್ಲಿ ಬೇರೆ ಸಾಲಿನಲ್ಲಿ ಕೂತಿದ್ದ. ನನಗೆ ಉಳಿದಿದ್ದ ಒಬ್ಬನೇ ಒಡಹುಟ್ಟಿದವನು. ಇರಲಿ. ಅವನಿಗೂ ಐವತ್ತೊಂದು ವರ್ಷ ಬೇಕಾಗಬಹುದು. ಅಷ್ಟು ದಿನ ನಾವ್ಯಾರೂ ಇರುವುದಿಲ್ಲ.

ಇದನ್ನೆಲ್ಲ ಬರೆಯುತ್ತಿರುವಾಗ ಒಂದು ವಿಷಯ ಹೊಳೆದು ಪೆನ್ನು ಕೆಳಗಿಟ್ಟೆ. ನೀನು ನಮ್ಮ ಬೇಲಿಯ ಆಚೆ ಇದ್ದಾಗ ನಿನ್ನ ಅಮ್ಮ, ಇಬ್ಬರು ಪುಟ್ಟ ತಮ್ಮಂದಿರು ಸೈಪಾನಿನಲ್ಲಿದ್ದರು. ನೀನು ಅವರಿಗಾಗಿ ಚಿಪ್ಪಿನ ಸರ ಮಾಡುತ್ತಿದ್ದೆ. ನಮಗಿಂತ ಮೊದಲು ಅಲ್ಲಿಯೇ ಯುದ್ಧ ಇಳಿದದ್ದು. ನೀನು ನಮ್ಮ ಮನೆಯಲ್ಲಿ ಮೂರು ದಿನ ಇದ್ದೆ, ಹುಲ್ಲಿನ ಮೇಲೆ ನಿಂತೆ, ನನ್ನ ಅಣ್ಣನಿಗೆ ಪ್ರಾರ್ಥಿಸಿದೆ. ನಾನು ಒಮ್ಮೆಯೂ ಕೇಳಲಿಲ್ಲ. ಅವರಿಗೆ ಏನಾಯಿತು, ಎಪ?

ಚೈ

---

ಚಾಲನ್ ಕನೋವಾ
11 ಡಿಸೆಂಬರ್ 1995

ಚೈ,

ನೀನು ತಾನ್ ಬಿಬಿಯಾನಾಗೆ ಹೇಳಬಾರದಿತ್ತು ಎಂದು ಬರೆಯಲು ಕುಳಿತೆ. ಬರೆದು ಹೊಡೆದುಹಾಕಿದೆ. ಅವಳು ನನಗೆ ಕಳಿಸಿದ ಮಾತನ್ನು ಎಷ್ಟು ಸಲ ಓದಿದೆ ಎಂದು ಹೇಳಿದರೆ ನೀನು ನಗುತ್ತೀಯ. ಕೀಕೊನ ವಿಷಯವನ್ನೂ ಓದಿದೆ. ಅವನಿಗೆ ಕಾಗದ ಬರೆಯುತ್ತಲೇ ಇರು. ಓದದಿದ್ದರೂ ಬರೆ. ನಾನು ಸಾಕ್ಷಿ, ಕಾಗದವನ್ನು ಒಲೆಗೆ ಹಾಕುವುದು ಅಷ್ಟು ಸುಲಭವಲ್ಲ.

ನೀನು ಕೇಳಿದ್ದಕ್ಕೆ ಹೇಳುತ್ತೇನೆ. ಯಾರೂ ಕೇಳಿರಲಿಲ್ಲ. ನನ್ನ ಗಂಡನಿಗೆ ಗೊತ್ತಿತ್ತು, ಅವನು ಕೇಳಬೇಕಾಗಿರಲಿಲ್ಲ.

ನಿಮ್ಮ ಮನೆಯಲ್ಲಿ ಆದದ್ದು ಜುಲೈ ಮೊದಲ ವಾರ. ಇಲ್ಲಿ ಅಮೆರಿಕದ ಹಡಗುಗಳು ಬಂದದ್ದು ಜೂನ್ ಮಧ್ಯದಲ್ಲಿ. ಅಪ್ಪನಿಗೆ ಅದು ಗೊತ್ತಿತ್ತು, ಮನೆಯ ಸುದ್ದಿ ಮಾತ್ರ ಇರಲಿಲ್ಲ. ನಿನ್ನ ಅಪ್ಪನ ಮುಂದೆ ನಿಂತು ಮಗಳು ಎಲ್ಲಿ ಎಂದು ಅವನು ಕೇಳಿದಾಗ ಅಮ್ಮ ಸತ್ತು ಎರಡು ವಾರವಾಗಿತ್ತು. ಅದು ಅವನಿಗೆ ತಿಳಿದದ್ದು ಸೆರೆಮನೆಯಲ್ಲಿ.

ನನ್ನನ್ನು ಅಮೆರಿಕದವರು ನಿಮ್ಮಲ್ಲಿ ಬೇರೆ ಶಿಬಿರದಲ್ಲಿಟ್ಟಿದ್ದರು, ನಲವತ್ತಾರರಲ್ಲಿ ಹಡಗು ಹತ್ತಿಸಿದರು. ನಾನು ಕಟಕಟೆ ಹಿಡಿದುಕೊಂಡು ಧಕ್ಕೆಯ ಮೇಲಿನ ಜನರಲ್ಲಿ ಅಮ್ಮನನ್ನು ಹುಡುಕಿದೆ. ನಾಲ್ಕು ವರ್ಷದಲ್ಲಿ ನಾನು ಎತ್ತರವಾಗಿದ್ದೆ. ಅವಳಿಗೆ ಗುರುತು ಸಿಗುವುದಿಲ್ಲವೇನೋ ಎಂದು ಒಂದು ಬಿಳಿ ಬಟ್ಟೆಯನ್ನು ಮೇಲೆತ್ತಿ ಬೀಸುತ್ತಿದ್ದೆ. ಇಳಿದ ಮೇಲೆ ನಮ್ಮ ಹಳೆಯ ನೆರೆಯಾಕೆ ಬಂದು ನನ್ನ ಕೈ ಹಿಡಿದಳು. ಅಮ್ಮ ಎಲ್ಲಿ ಎಂದು ಕೇಳಿದೆ. “ಬಾ, ಮೊದ್ಲು ಊಟ ಮಾಡು,” ಎಂದಳು. ನನಗೆ ಅಲ್ಲೇ ತಿಳಿಯಿತು. ಆದರೂ ಊಟ ಮಾಡಿದೆ. ಹಸಿವಾಗಿತ್ತು.

ಅಮ್ಮ ತಮ್ಮಂದಿರನ್ನು ಎತ್ತಿಕೊಂಡು ಗುಡ್ಡದ ಕಡೆಗೆ ಓಡಿದ್ದಳಂತೆ. ಒಂದು ಗುಹೆಯಲ್ಲಿ ಹನ್ನೆರಡು ಜನ. ನೀರು ತರಲು ಹೊರಗೆ ಹೋದವಳೊಬ್ಬಳು ಹಿಂದಿರುಗಿ ಬಂದಾಗ ಗುಹೆಯ ಬಾಯಿ ಇರಲಿಲ್ಲ. ಅವಳೇ ನೆರೆಯಾಕೆಗೆ ಹೇಳಿದ್ದು. ಆಮೇಲೆ ಅವಳೂ ತೀರಿಕೊಂಡಳು. ಅದು ಯಾವ ಗುಹೆ, ಗುಡ್ಡದ ಯಾವ ಮಗ್ಗುಲು ಎಂದು ಸರಿಯಾಗಿ ತೋರಿಸಬಲ್ಲವರು ಯಾರೂ ಉಳಿಯಲಿಲ್ಲ. ಅಪ್ಪ ಸೆರೆಯಿಂದ ಬಂದ ಮೇಲೆ ಪ್ರತಿ ಭಾನುವಾರ ಗುಡ್ಡ ಹತ್ತುತ್ತಿದ್ದ. ಸಿಕ್ಕ ಗುಹೆಗಳಲ್ಲೆಲ್ಲ ತಲೆ ಹಾಕಿ ಹೆಸರು ಕರೆಯುತ್ತಿದ್ದ. ಕೆಲವು ವರ್ಷ ನಾನೂ ಜೊತೆಗೆ ಹೋಗುತ್ತಿದ್ದೆ. ಆಮೇಲೆ ಕಾಡು ಮುಚ್ಚಿಕೊಂಡಿತು.

ಇಲ್ಲಿಯೂ ಒಂದು ಪಾರ್ಕು ಮಾಡಿದ್ದಾರೆ. ಬಾವುಟಗಳಿವೆ, ಸೈನಿಕರ ಹೆಸರುಗಳಿವೆ. ಅಮ್ಮನ ಹೆಸರು ಸೋಲೆದಾದ್. ದೊಡ್ಡವನು ಮಾರ್ಸೆಲೋ, ಆರು ವರ್ಷ. ಚಿಕ್ಕವನು ಲಿನೋ, ನಾನು ಹೊರಟಾಗ ಅವನಿಗೆ ಹಲ್ಲು ಬಂದಿರಲಿಲ್ಲ. ನಾನು ಇದನ್ನು ಯಾರಿಗಾದರೂ ಬರೆದು ಕೊಡುತ್ತಿರುವುದು ಇದೇ ಮೊದಲು. ನೀನು ಇಟ್ಟುಕೊ.

ನಿನ್ನ ಮೊಣಕಾಲು ಸರಿಯಾದ ಮೇಲೆ ಬಾ. ಹೂವು ತರಬೇಡ. ಅವರನ್ನು ಮುಚ್ಚಿಕೊಂಡ ಜಾಗ ಗೊತ್ತಿಲ್ಲದ್ದರಿಂದ ಹೂವನ್ನು ಎಲ್ಲಿಡುವುದೆಂದು ನನಗೆ ಈವರೆಗೆ ತಿಳಿದಿಲ್ಲ. ಗುಡ್ಡದ ಬುಡದಲ್ಲಿ ನೆರಳಿದೆ. ಎಲ್ಲಿ ಬೇಕಾದರೂ ಕೂರೋಣ.

ನಿನ್ನ
ಎಪ